ಮಾಂಸ ಮುಟ್ಟದವರ ಮೆದುಳಿನಲ್ಲಿ ಲಾಡಿಹುಳು

ಸಂತೆಯ ಬೀದಿಯಲ್ಲಿಯೋ ಬಸ್ಸಿನ ನಿಲ್ದಾಣದಲ್ಲಿಯೋ ನಿಂತಿದ್ದ ತರುಣನೊಬ್ಬನು ಇದ್ದಕ್ಕಿದ್ದಂತೆ ಕುಸಿದುಬೀಳುತ್ತಾನೆ. ಕೈಕಾಲುಗಳು ಸೆಟೆದುಕೊಳ್ಳುತ್ತವೆ, ಕಣ್ಣುಗುಡ್ಡೆಗಳು ಮೇಲಕ್ಕೆ ತಿರುಗುತ್ತವೆ, ಬಾಯಲ್ಲಿ ನೊರೆ ಕಾಣಿಸಿಕೊಳ್ಳುತ್ತದೆ. ಸುತ್ತಲೂ ಜನ ನೆರೆಯುತ್ತಾರೆ. ಒಬ್ಬನು ಬೀಗದಕೈಗಳ ಗೊಂಚಲನ್ನು ಅವನ ಮುಷ್ಟಿಯೊಳಗೆ ತುರುಕುತ್ತಾನೆ. ಇನ್ನೊಬ್ಬನು ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುತ್ತಾನೆ. ಮತ್ತೊಬ್ಬನು ಕಾಲಿನ ಚಪ್ಪಲಿಯನ್ನೇ ಮೂಸಿಸಲು ಮುಂದಾಗುತ್ತಾನೆ. ಎರಡು ಮೂರು ನಿಮಿಷಗಳಲ್ಲಿ ಸೆಳೆತವು ತಾನಾಗಿಯೇ ನಿಲ್ಲುತ್ತದೆ. ಕೀರ್ತಿಯೆಲ್ಲ ಬೀಗದಕೈಗೆ ಸಲ್ಲುತ್ತದೆ. ತರುಣನ ಮನೆಯವರು ಮಾತ್ರ ಅಂದಿನಿಂದ ಜೋಯಿಸರ ಮನೆಯನ್ನೂ ಮಂತ್ರವಾದಿಗಳ ಮನೆಯನ್ನೂ ಸುತ್ತತೊಡಗುತ್ತಾರೆ.

ಕನ್ನಡನಾಡಿನಲ್ಲಿ ಈ ದೃಶ್ಯವನ್ನು ಕಾಣದವರು ವಿರಳ. ಪೂರ್ವಿಕರು ಈ ವ್ಯಾಧಿಯನ್ನು ‘ಅಪಸ್ಮಾರ’ವೆಂದು ಕರೆದರು. ‘ಸ್ಮಾರ’ವೆಂದರೆ ನೆನಪು, ನೆನಪು ತೊಲಗಿಹೋಗುವುದೇ ಅಪಸ್ಮಾರ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನಿಗೂ ಇದೇ ಹೆಸರು. ಚರಕಸಂಹಿತೆಯು ಇದಕ್ಕೆ ನಿದಾನವನ್ನೂ ಚಿಕಿತ್ಸೆಯನ್ನೂ ಹೇಳಿ, ಇದು ವೈದ್ಯನು ನೋಡಬೇಕಾದ ರೋಗವೆಂದು ಎಂದೋ ತಿಳಿಸಿತು. ಆದರೂ ಜನಮನದಲ್ಲಿ ಇದು ದೆವ್ವದ ಕಾಟವಾಗಿ, ಗ್ರಹಚಾರವಾಗಿ, ಮನೆತನದ ಕಳಂಕವಾಗಿಯೇ ಉಳಿದುಕೊಂಡಿದೆ.

ಈ ರೋಗಕ್ಕೆ ಕಾರಣಗಳು ಹಲವು. ಹೆರಿಗೆಯ ಕಾಲದಲ್ಲಿ ಮಗುವಿನ ಮೆದುಳಿಗಾದ ಪೆಟ್ಟು, ಅಪಘಾತದಲ್ಲಿ ತಲೆಗೆ ಬಿದ್ದ ಏಟು, ಮೆದುಳು ಜ್ವರ—ಇವೆಲ್ಲವೂ ಮೂರ್ಛೆಯನ್ನು ತರಬಲ್ಲವು. ಅನೇಕರಲ್ಲಿ ಯಾವ ಕಾರಣವೂ ಗೋಚರಿಸುವುದಿಲ್ಲ. ಆದರೆ ಭಾರತದಂಥ ದೇಶಗಳಲ್ಲಿ ಈ ಕಾರಣಗಳ ಸಾಲಿನಲ್ಲಿ ಹುಳುವೊಂದು ಮುಂದಿನ ಸ್ಥಾನವನ್ನು ಪಡೆದಿದೆ. ಅದು ಹಂದಿಯ ಲಾಡಿಹುಳು. ಈ ಹುಳು ನೆಲೆಯೂರಿರುವ ಪ್ರದೇಶಗಳಲ್ಲಿ ಮೂರ್ಛೆರೋಗಿಗಳ ಪೈಕಿ ನೂರಕ್ಕೆ ಸುಮಾರು ೩೦ ಮಂದಿಯ ರೋಗಕ್ಕೆ ಅದೇ ಮೂಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಈ ಮಾತನ್ನು ವೈದ್ಯರು ಹೇಳಿದಾಗ ಅನೇಕ ಮನೆಗಳಲ್ಲಿ ಮೊದಲು ಹುಟ್ಟುವುದು ಕೋಪ. “ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಸಹ ಮುಟ್ಟುವುದಿಲ್ಲ. ನಮ್ಮ ಮಗುವಿಗೆ ಹಂದಿಯ ಹುಳು ಎಲ್ಲಿಂದ ಬರಬೇಕು?” ಪ್ರಶ್ನೆ ಸಹಜವಾದದ್ದೇ. ಉತ್ತರವನ್ನು ತಿಳಿದವರು ಮಾತ್ರ ಕಡಿಮೆ.

ಎಂಟು ದಿನಗಳ ಅಂತರ

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ವಸಂತನರಸಾಪುರವಿದೆ. ಬಯಲುಸೀಮೆಯ ಈ ಹಳ್ಳಿಯ ಹೆಸರು ಇಂದು ದೊಡ್ಡ ಕೈಗಾರಿಕಾ ಪ್ರದೇಶವೊಂದರ ಹೆಸರಾಗಿ ದೂರದೂರದವರೆಗೆ ಹಬ್ಬಿದೆ. ೨೦೧೪ನೆಯ ಇಸವಿ ಸೆಪ್ಟೆಂಬರ್ ೨೪ರಂದು ಪ್ರಧಾನಿ ನರೇಂದ್ರ ಮೋದಿಯವರು ಇಲ್ಲಿನ ಆಹಾರ ಪಾರ್ಕನ್ನು ಉದ್ಘಾಟಿಸಿದರು. ರೈತನ ಬೆಳೆಯನ್ನು ಶೇಖರಿಸಿ, ಸಂಸ್ಕರಿಸಿ, ಪೊಟ್ಟಣಗಳಲ್ಲಿ ತುಂಬಿ ಪೇಟೆಗೆ ಕಳಿಸುವುದು ಅದರ ಉದ್ದೇಶ.

ಅದಾದ ಎಂಟು ದಿನಗಳಿಗೆ, ಅಕ್ಟೋಬರ್ ೨ರ ಗಾಂಧಿ ಜಯಂತಿಯಂದು, ಸ್ವಚ್ಛ ಭಾರತ ಅಭಿಯಾನವು ದೆಹಲಿಯಲ್ಲಿ ಆರಂಭವಾಯಿತು. ಮನೆಮನೆಗೂ ಶೌಚಾಲಯವನ್ನು ಕಟ್ಟಿಸುವುದು ಅದರ ಮುಖ್ಯ ಗುರಿಗಳಲ್ಲೊಂದು. ಒಂದು ಅನ್ನದ ಕೆಲಸ, ಇನ್ನೊಂದು ಶೌಚದ ಕೆಲಸ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಶಿಷ್ಟಾಚಾರವು ಅಡ್ಡಬರುತ್ತದೆ. ಆದರೆ ಲಾಡಿಹುಳುವಿಗೆ ಈ ಸಂಕೋಚವಿಲ್ಲ. ಶೌಚದ ಜಾಗದಿಂದ ಅನ್ನದ ತಟ್ಟೆಗೆ ಇರುವ ದಾರಿಯೇ ಅದರ ಹೆದ್ದಾರಿ.

ವಸಂತನರಸಾಪುರದಂಥ ಸ್ಥಳವನ್ನು ಈ ಕಣ್ಣಿನಿಂದ ನೋಡಬೇಕು. ಹತ್ತಿರದ ಹಳ್ಳಿಗಳಿಂದ ಬರುವವರೂ ಪರರಾಜ್ಯಗಳಿಂದ ದುಡಿಮೆಗಾಗಿ ಬಂದವರೂ ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಾರೆ. ಒಂದೇ ಕ್ಯಾಂಟೀನಿನಲ್ಲಿ, ರಸ್ತೆಬದಿಯ ಒಂದೇ ಹೋಟೆಲಿನಲ್ಲಿ ಊಟ ಮಾಡುತ್ತಾರೆ. ಒಬ್ಬ ಅಡುಗೆಯವನ ಕೈ ನೂರಾರು ತಟ್ಟೆಗಳನ್ನು ತಲುಪುತ್ತದೆ. ಆ ಊರಿನಲ್ಲಿ ಈ ರೋಗ ಹೆಚ್ಚಾಗಿದೆಯೆಂದು ಇದರ ಅರ್ಥವಲ್ಲ. ಜನರು ತಮ್ಮ ಮನೆಯ ಒಲೆಯನ್ನು ಬಿಟ್ಟು ಅಪರಿಚಿತರ ಕೈಯಡುಗೆಯನ್ನು ಉಣ್ಣುವ ಊರುಗಳು ಇಂದು ಎಲ್ಲ ಕಡೆಯೂ ಬೆಳೆಯುತ್ತಿವೆ. ಆದಕಾರಣ ಈ ಹುಳುವಿನ ವೃತ್ತಾಂತವನ್ನು ತಿಳಿಯುವುದು ಎಲ್ಲರಿಗೂ ಅಗತ್ಯವಾಗಿದೆ.

ಹುಳುವಿನ ಎರಡು ಜನ್ಮ

ಪೈಜಾಮದ ಲಾಡಿಯಂತೆ ಚಪ್ಪಟೆಯಾಗಿ ಉದ್ದವಾಗಿರುವುದರಿಂದ ಈ ಹುಳುವಿಗೆ ಲಾಡಿಹುಳುವೆಂಬ ಹೆಸರು ಒಪ್ಪುತ್ತದೆ. ಗುಂಡುಸೂಜಿಯ ತಲೆಯಷ್ಟು ಸಣ್ಣದಾದ ತಲೆ. ಅದರಲ್ಲಿ ನಾಲ್ಕು ಹೀರುಬಟ್ಟಲುಗಳು, ಜೊತೆಗೆ ಕೊಕ್ಕೆಗಳ ಸಾಲು. ಅವುಗಳಿಂದ ಕರುಳಿನ ಗೋಡೆಯನ್ನು ಹಿಡಿದುಕೊಂಡು ಅದು ತೂಗಾಡುತ್ತಿರುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಮನುಷ್ಯನು ಜೀರ್ಣಿಸಿಕೊಂಡ ಅನ್ನದ ಸಾರವನ್ನು ಮೈಯಿಂದಲೇ ಹೀರುತ್ತದೆ. ತಲೆಯ ಹಿಂದೆ ತುಂಡು ತುಂಡಾಗಿ ಬೆಳೆಯುತ್ತ ಎರಡು ಮೂರು ಮೀಟರುಗಳಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದವಾಗುತ್ತದೆ. ತುದಿಯ ತುಂಡುಗಳು ಬಲಿತು ಕಳಚಿ ಮಲದೊಡನೆ ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿಯೂ ಹತ್ತಾರು ಸಾವಿರ ತತ್ತಿಗಳು.

ಬಯಲಿನಲ್ಲಿ ಬಿದ್ದ ಆ ಮಲವನ್ನು ಹಂದಿ ತಿನ್ನುತ್ತದೆ. ತತ್ತಿಗಳು ಅದರ ಹೊಟ್ಟೆಯಲ್ಲಿ ಒಡೆದು, ಮರಿಗಳು ರಕ್ತದೊಡನೆ ಹರಿದು, ಮಾಂಸಖಂಡಗಳಲ್ಲಿ ನೀರುತುಂಬಿದ ಪುಟ್ಟ ಗುಳ್ಳೆಗಳಾಗಿ ನೆಲೆಸುತ್ತವೆ. ಇದು ಹುಳುವಿನ ಮೊದಲ ಜನ್ಮ. ಆ ಮಾಂಸವನ್ನು ಅರೆಬೇಯಿಸಿ ಉಂಡವನ ಕರುಳಿನಲ್ಲಿ ಗುಳ್ಳೆಯೊಳಗಿನ ತಲೆ ಹೊರಚಾಚಿ, ಸುಮಾರು ಎರಡು ತಿಂಗಳುಗಳಲ್ಲಿ ಪೂರ್ಣ ಲಾಡಿಯಾಗಿ ಬೆಳೆಯುತ್ತದೆ. ಇದು ಎರಡನೆಯ ಜನ್ಮ. ಈ ಎರಡೂ ಒಂದೇ ಜೀವಿಯ ರೂಪಗಳೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೧೮೫೫ರಲ್ಲಿ ಜರ್ಮನಿಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯನು ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ಹಂದಿಮಾಂಸದ ಗುಳ್ಳೆಗಳನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿ, ದಂಡನೆಯ ತರುವಾಯ ಅವನ ಕರುಳನ್ನು ಬಗೆದು ಲಾಡಿಹುಳುಗಳನ್ನು ತೋರಿಸಿಕೊಟ್ಟನು. ವಿಜ್ಞಾನಕ್ಕೆ ಲಾಭವಾಯಿತು, ಆದರೆ ಆ ಕ್ರಮದ ಕ್ರೌರ್ಯವನ್ನು ಅಂದಿನವರೇ ಖಂಡಿಸಿದರು.

ಹೊಟ್ಟೆಯಲ್ಲಿ ಲಾಡಿಹುಳುವನ್ನು ಹೊತ್ತವನಿಗೆ ಸಾಮಾನ್ಯವಾಗಿ ಹೆಚ್ಚಿನ ತೊಂದರೆಯೇನೂ ಆಗುವುದಿಲ್ಲ. ಸ್ವಲ್ಪ ಹೊಟ್ಟೆನೋವು, ಅಜೀರ್ಣ. ಎಷ್ಟೋ ವೇಳೆ ಅದೂ ಇಲ್ಲ. ತಾನು ರೋಗವಾಹಕನೆಂಬುದೇ ಅವನಿಗೆ ತಿಳಿದಿರುವುದಿಲ್ಲ. ನಿಜವಾದ ಆಪತ್ತು ಬರುವುದು ಮನುಷ್ಯನು ಹುಳುವನ್ನಲ್ಲದೆ ಅದರ ತತ್ತಿಯನ್ನು ನುಂಗಿದಾಗ. ಆಗ ಮನುಷ್ಯನು ಹಂದಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಹಂದಿಯ ಮಾಂಸದಲ್ಲಿ ಆಗಬೇಕಾದ ಗುಳ್ಳೆಗಳು ಅವನ ಮೈಯಲ್ಲಿ ಆಗುತ್ತವೆ—ಚರ್ಮದ ಕೆಳಗೆ, ಮಾಂಸಖಂಡದಲ್ಲಿ, ಕಣ್ಣಿನಲ್ಲಿ, ಮತ್ತು ಮೆದುಳಿನಲ್ಲಿ.

ತತ್ತಿಯನ್ನು ನುಂಗಲು ಮಾಂಸವನ್ನು ತಿನ್ನಬೇಕಾಗಿಲ್ಲ. ಶೌಚದ ನಂತರ ಕೈಯನ್ನು ಚೆನ್ನಾಗಿ ತೊಳೆಯದ ವಾಹಕನು ಕಲಸಿದ ಹಿಟ್ಟು, ಹೆಚ್ಚಿದ ಸೌತೆಕಾಯಿ, ಬಡಿಸಿದ ಕೋಸಂಬರಿ ಸಾಕು. ಬಯಲಿನ ಮಲವು ಮಳೆನೀರಿನಲ್ಲಿ ಕೊಚ್ಚಿ ಸೇರಿದ ಹಳ್ಳದ ನೀರನ್ನು ಹಾಯಿಸಿ ಬೆಳೆದ ಕೊತ್ತಂಬರಿ, ಮೂಲಂಗಿ, ಸೊಪ್ಪು ಸಾಕು. ವಾಹಕನು ತನ್ನ ಕೈಯಿಂದ ತಾನೇ ನುಂಗುವುದೂ ಉಂಟು. ಆದುದರಿಂದ ಅವನ ಮನೆಯವರಿಗೂ ಅವನಿಗೂ ಅಪಾಯವು ಎಲ್ಲರಿಗಿಂತ ಹೆಚ್ಚು. ಅಡುಗೆಮನೆಯ ಮಡಿಗೆ ಸೊಪ್ಪಿನ ಮೇಲಣ ತತ್ತಿ ಅಂಜುವುದಿಲ್ಲ. ಭಾರತದಲ್ಲಿ ಮೆದುಳಿನ ಗುಳ್ಳೆಯಿಂದ ನರಳುವವರಲ್ಲಿ ಬಹುಮಂದಿ ಹಂದಿಮಾಂಸವನ್ನು ಎಂದೂ ತಿನ್ನದವರೇ ಆಗಿರುವುದರ ಗುಟ್ಟು ಇಷ್ಟೆ.

ಸಿಪಾಯಿಗಳು ಹೇಳಿದ ಸಾಕ್ಷ್ಯ

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದ ಆಂಗ್ಲ ಸೈನಿಕರಲ್ಲಿ ಕೆಲವರಿಗೆ ಹಲವು ವರ್ಷಗಳ ತರುವಾಯ ಮೂರ್ಛೆಯ ಸೆಳೆತ ಕಾಣಿಸಿಕೊಂಡಿತು. ಇಂಥ ೪೫೦ ಮಂದಿಯ ವೃತ್ತಾಂತವನ್ನು ಡಿಕ್ಸನ್ ಮತ್ತು ಲಿಪ್ಸ್‌ಕೂಮ್ ಎಂಬ ವೈದ್ಯರು ೧೯೬೧ರಲ್ಲಿ ಪ್ರಕಟಿಸಿದರು. ಗುಳ್ಳೆಯು ಮೆದುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರಬಲ್ಲದು. ಅದು ಸಾಯತೊಡಗಿದಾಗ ದೇಹದ ರಕ್ಷಕಶಕ್ತಿಯು ಅದರ ಮೇಲೆರಗುತ್ತದೆ, ಸುತ್ತಲೂ ಬಾವು ಏಳುತ್ತದೆ, ಸೆಳೆತವು ಆರಂಭವಾಗುತ್ತದೆ. ಸಾಯುವ ಹುಳುವು ಬದುಕಿದ್ದ ಹುಳುವಿಗಿಂತ ಹೆಚ್ಚು ಕಾಡುತ್ತದೆ.

ಇನ್ನೊಂದು ಸಾಕ್ಷ್ಯವು ನ್ಯೂಯಾರ್ಕಿನದು. ಹಂದಿಮಾಂಸವನ್ನು ಧರ್ಮನಿಷಿದ್ಧವೆಂದು ಬಗೆಯುವ ಯಹೂದಿ ಮನೆತನಗಳ ನಾಲ್ವರಲ್ಲಿ ಮೆದುಳಿನ ಗುಳ್ಳೆಗಳು ಕಂಡುಬಂದ ಸಂಗತಿ ೧೯೯೨ರಲ್ಲಿ ಪ್ರಕಟವಾಯಿತು. ಲಾಡಿಹುಳು ಹೆಚ್ಚಾಗಿರುವ ದೇಶಗಳಿಂದ ಬಂದು ಮನೆಗೆಲಸಕ್ಕೆ ನಿಂತಿದ್ದವರ ಮೂಲಕ ತತ್ತಿಗಳು ಬಂದಿರಬೇಕೆಂದು ತನಿಖೆ ನಡೆಸಿದವರು ತೀರ್ಮಾನಿಸಿದರು. ಇದರಿಂದ ಕೆಲಸದವರನ್ನು ದೂರಬೇಕಾಗಿಲ್ಲ. ಹುಳುವನ್ನು ಹೊತ್ತವರು ಅದನ್ನು ತಿಳಿದು ಹೊತ್ತವರಲ್ಲ. ಮಲಪರೀಕ್ಷೆ ಮಾಡಿಸಿ, ವೈದ್ಯರು ಕೊಡುವ ಒಂದೇ ಹೊತ್ತಿನ ಔಷಧಿಯಿಂದ ಅವರನ್ನು ಗುಣಪಡಿಸಬಹುದು. ದೂರುವುದರಿಂದ ಮಾತ್ರ ಅವರು ರೋಗವನ್ನು ಮುಚ್ಚಿಡುತ್ತಾರೆ.

ಭಾರತದ ವೈದ್ಯರಿಗೂ ಈ ಹುಳುವು ಬಹುಕಾಲ ಕಣ್ಣಿಗೆ ಮಣ್ಣೆರಚಿತು. ಸ್ಕ್ಯಾನ್ ಯಂತ್ರಗಳು ಬಂದ ಹೊಸದರಲ್ಲಿ ಮೂರ್ಛೆರೋಗಿಗಳ ಮೆದುಳಿನಲ್ಲಿ ಒಂಟಿಯಾಗಿ ಕಾಣುತ್ತಿದ್ದ ಸಣ್ಣ ಗಂಟನ್ನು ಕ್ಷಯದ ಗಂಟೆಂದೇ ಅನೇಕರು ಬಗೆದು, ಕ್ಷಯದ ಔಷಧಿಯನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಚಾಂಡಿ, ರಾಜಶೇಖರ್ ಮೊದಲಾದ ತಜ್ಞರು ಅಂಥ ಗಂಟುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಗುಳ್ಳೆಗಳೇ ಎಂದು ತೋರಿಸಿ ೧೯೮೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಇಂಥ ಒಂಟಿ ಗಂಟು ಎಷ್ಟೋ ರೋಗಿಗಳಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕರಗಿಹೋಗುತ್ತದೆಂಬುದೂ ತಿಳಿದುಬಂದಿತು. ಎಷ್ಟು ಮನೆಗಳಿಗೆ ಇದು ಸಮಾಧಾನದ ಸುದ್ದಿ!

ಕರ್ನಾಟಕದ ಪರಿಸ್ಥಿತಿಯ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಗಣತಿಯೊಂದು ಬೆಳಕು ಚೆಲ್ಲಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರಗಳ ೧,೦೨,೫೫೭ ಜನರನ್ನು ವಿಚಾರಿಸಿದಾಗ, ಸಾವಿರಕ್ಕೆ ೮.೮ ಮಂದಿಯಲ್ಲಿ ಮೂರ್ಛೆರೋಗವು ಕಂಡುಬಂದಿತು. ನಗರದಲ್ಲಿ ಸಾವಿರಕ್ಕೆ ೫.೭, ಹಳ್ಳಿಗಳಲ್ಲಿ ೧೧.೯. ಹಳ್ಳಿಯ ಪ್ರಮಾಣವು ನಗರದ ಎರಡರಷ್ಟಿದೆ. ಈ ಅಂತರಕ್ಕೆಲ್ಲ ಹುಳುವೊಂದೇ ಕಾರಣವಲ್ಲ. ಹೆರಿಗೆಯ ಕಷ್ಟಗಳು, ಮೆದುಳು ಜ್ವರ ಮುಂತಾದುವೂ ಸೇರಿವೆ. ಆದರೆ ಸುಲಭವಾಗಿ ತಡೆಯಬಹುದಾದ ಕಾರಣಗಳಲ್ಲಿ ಹುಳುವು ಮುಖ್ಯವಾದದ್ದು.

ಎಲೆಕೋಸಿನ ಮೇಲೆ ಬಂದ ಅಪವಾದ

ಎಲೆಕೋಸಿನಲ್ಲಿರುವ ಹುಳು ಮೆದುಳಿಗೆ ಏರುತ್ತದೆಂಬ ಸುದ್ದಿಯನ್ನು ನಂಬಿ ಆ ತರಕಾರಿಯನ್ನೇ ಕೈಬಿಟ್ಟ ಗೃಹಿಣಿಯರು ಅನೇಕರಿದ್ದಾರೆ. ಎಲೆಕೋಸಿನ ಪದರಗಳಲ್ಲಿ ಹರಿದಾಡುವ ಹಸಿರು ಹುಳುವು ಚಿಟ್ಟೆಯ ಅಥವಾ ಪತಂಗದ ಮರಿ. ಅದಕ್ಕೂ ಲಾಡಿಹುಳುವಿಗೂ ಯಾವ ನಂಟೂ ಇಲ್ಲ. ಲಾಡಿಹುಳುವಿನ ತತ್ತಿಯು ಒಂದು ಮಿಲಿಮೀಟರಿನ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿದ್ದು, ಬರಿಯ ಕಣ್ಣಿಗೆ ಕಾಣುವುದೇ ಇಲ್ಲ. ಮಲಿನವಾದ ನೀರು ಬಿದ್ದಲ್ಲಿ ಅದು ಎಲೆಕೋಸಿನ ಮೇಲೂ ಇರಬಹುದು, ಕೊತ್ತಂಬರಿಯ ಮೇಲೂ ಇರಬಹುದು. ತಪ್ಪು ತರಕಾರಿಯದಲ್ಲ.

ಅಂತೆಯೇ ಹಂದಿಯದೂ ಅಲ್ಲ. ಕಟ್ಟಿಹಾಕಿ ಶುಚಿಯಾದ ಆಹಾರ ಕೊಟ್ಟು ಸಾಕಿದ ಹಂದಿಗೆ ಈ ಗುಳ್ಳೆಗಳು ಬರುವುದಿಲ್ಲ. ಅದಕ್ಕೆ ರೋಗವನ್ನು ಕೊಟ್ಟವನು ಮನುಷ್ಯನೇ. ದನದ ಮಾಂಸದಿಂದ ಬರುವ ಲಾಡಿಹುಳು ಇನ್ನೊಂದು ಜಾತಿಯದು. ಅದು ಇದಕ್ಕಿಂತಲೂ ಉದ್ದವಾಗಿ ಬೆಳೆದರೂ ಅದರ ತತ್ತಿಗಳು ಮನುಷ್ಯನ ಮೆದುಳಿಗೆ ಏರುವುದಿಲ್ಲ. ಕುರಿಸಾಕಣೆಯ ಸೀಮೆಗಳು ಗಮನಿಸಬೇಕಾದ ಮತ್ತೊಂದು ಲಾಡಿಹುಳುವುಂಟು; ಅದು ನಾಯಿಯ ಕರುಳಿನಲ್ಲಿರುತ್ತದೆ, ಕೆಲವೇ ಮಿಲಿಮೀಟರುಗಳಷ್ಟು ಉದ್ದ. ಸತ್ತ ಕುರಿಯ ಒಳಾಂಗಗಳನ್ನು ತಿಂದ ನಾಯಿಗೆ ಅದು ಅಂಟುತ್ತದೆ. ನಾಯಿಯ ಮಲದ ತತ್ತಿ ಮನುಷ್ಯನ ಬಾಯಿಗೆ ಸೇರಿದರೆ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ದೊಡ್ಡ ಗುಳ್ಳೆಗಳಾಗುತ್ತವೆ. ಕುರಿ ಕೊಯ್ದ ಮೇಲೆ ಕರುಳು ಯಕೃತ್ತುಗಳನ್ನು ನಾಯಿಗೆ ಎಸೆಯಬಾರದೆಂಬುದು ಇದರ ಪಾಠ.

ನಿದಾನ ಪರಿವರ್ಜನ

ಚರಕಸಂಹಿತೆಯು ೨೦ ಬಗೆಯ ಕೃಮಿಗಳನ್ನು ಹೆಸರಿಸಿ, ಅವುಗಳಿಗೆ ಮೂರು ವಿಧದ ಉಪಾಯಗಳನ್ನು ಹೇಳುತ್ತದೆ: ಕೃಮಿಯನ್ನು ಹೊರತೆಗೆಯುವುದು, ಅದು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವುದು, ಮತ್ತು ರೋಗಕ್ಕೆ ಮೂಲವಾದುದನ್ನು ವರ್ಜಿಸುವುದು. ಮೂರನೆಯದನ್ನು ‘ನಿದಾನ ಪರಿವರ್ಜನ’ವೆಂದು ಕರೆದಿದೆ. ಇಂದಿನ ವೈದ್ಯರು ಹೇಳುವುದೂ ಅದನ್ನೇ.

ಶೌಚಾಲಯವನ್ನು ಕಟ್ಟಿಸಿದರೆ ಸಾಲದು, ಮನೆಯ ಎಲ್ಲರೂ ಬಳಸಬೇಕು. ಶೌಚದ ನಂತರವೂ ಅಡುಗೆಗೆ ಮುಂಚೆಯೂ ಉಗುರಿನ ಸಂದಿ ಸಹಿತ ಕೈಗಳನ್ನು ಸಾಬೂನಿನಿಂದ ಉಜ್ಜಿ ತೊಳೆಯಬೇಕು, ಉಗುರನ್ನು ಬೆಳೆಸಬಾರದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಹಲವು ಬಾರಿ ತಿಕ್ಕಿ ತೊಳೆಯಬೇಕು, ಸಿಪ್ಪೆಯಿರುವುದನ್ನು ಸುಲಿಯಬೇಕು. ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ತತ್ತಿ ಸತ್ತಿತೆಂದು ನಂಬಬಾರದು. ಅದರ ಕವಚ ಗಟ್ಟಿಯಾದದ್ದು. ಬೇಯಿಸುವುದರಿಂದ ಅದು ಖಂಡಿತ ಸಾಯುತ್ತದೆ. ಮಾಂಸವನ್ನು ತಿನ್ನುವವರು ಒಳಗಿನ ಕೆಂಪು ಪೂರ್ತಿ ಹೋಗುವವರೆಗೆ ಬೇಯಿಸಬೇಕು. ಹೋಟೆಲು, ಕ್ಯಾಂಟೀನು, ವಿದ್ಯಾರ್ಥಿನಿಲಯಗಳನ್ನು ನಡೆಸುವವರು ಅಡುಗೆಯವರಿಗೆ ಶೌಚಾಲಯದ ಬಳಿಯೇ ನೀರು ಸಾಬೂನುಗಳನ್ನು ಒದಗಿಸಿ, ಅವರ ಆರೋಗ್ಯವನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ವಸಂತನರಸಾಪುರದಂಥ ಕೈಗಾರಿಕಾ ಊರಿಗೆ ಇದು ಯಂತ್ರಕ್ಕೆ ಎಣ್ಣೆ ಹಾಕುವಷ್ಟೇ ಅಗತ್ಯವಾದ ಕೆಲಸ.

೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ೧ರಿಂದ ೧೯ ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಾರೆ. ಜಂತುಹುಳು, ಕೊಕ್ಕೆಹುಳುಗಳಿಗೆ ಅದು ಉತ್ತಮವಾದ ಮದ್ದು. ಮಕ್ಕಳಿಗೆ ತಪ್ಪದೆ ಕೊಡಿಸಬೇಕು. ಆದರೆ ಮೂರ್ಛೆ ಬರುವವರು ಹುಳುವಿನ ಮದ್ದನ್ನು ಅಂಗಡಿಯಿಂದ ತಂದು ತಾವೇ ನುಂಗಬಾರದು. ಮೆದುಳಿನ ಗುಳ್ಳೆಗಳು ಒಮ್ಮೆಗೇ ಸತ್ತು ಬಾವು ಎದ್ದರೆ ಪ್ರಾಣಾಪಾಯವಾಗಬಹುದು. ಮೊದಲು ಸ್ಕ್ಯಾನ್ ಪರೀಕ್ಷೆ, ಬಳಿಕ ವೈದ್ಯರ ಕಣ್ಗಾವಲಿನಲ್ಲಿ ಚಿಕಿತ್ಸೆ—ಇದೇ ಕ್ರಮ.

ಕಾನೂನು ತೆಗೆದುಹಾಕಿದ ಕಳಂಕ

ರೋಗಕ್ಕಿಂತ ಹೆಚ್ಚಾಗಿ ಜನರನ್ನು ಹಿಂಡುವುದು ಅದರ ಅಪಖ್ಯಾತಿ. ಒಮ್ಮೆ ಫಿಟ್ಸ್ ಬಂದ ಹುಡುಗಿಯ ವಿವಾಹವು ಮುರಿದುಬೀಳುತ್ತದೆ. ಹುಡುಗನನ್ನು ಶಾಲೆಯಿಂದ ಬಿಡಿಸುತ್ತಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ವಿವಾಹಕ್ಕೆ ಅಡ್ಡಿಯೆಂದು ೧೯೭೬ರಲ್ಲಿ ಸೇರಿಸಿದ್ದ ಮಾತನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು. ಕಾನೂನಿನ ಪುಸ್ತಕದಿಂದ ಅಳಿಸಿದ್ದು ಹೆಣ್ಣು ನೋಡುವ ಮನೆಗಳ ಮಾತಿನಿಂದ ಇನ್ನೂ ಅಳಿಸಿಲ್ಲ.

ಚಿಕಿತ್ಸೆಯು ದುಬಾರಿಯೆಂಬ ಭಯವೂ ಬೇಡ. ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟೋಯಿನ್ ಎಂಬ ಅಗ್ಗದ ಹಳೆಯ ಔಷಧಿಗಳಿಂದಲೇ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ ೨೦೦೧ರಲ್ಲಿ ಪ್ರಕಟವಾಯಿತು. ಸರಿಯಾದ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಏಳು ಮಂದಿ ಸೆಳೆತವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಹುಳುವೊಂದನ್ನು ನಾಡಿನಿಂದಲೇ ಓಡಿಸಿದ ಉದಾಹರಣೆಯೂ ಕಣ್ಣಮುಂದಿದೆ. ನಾರುಹುಣ್ಣು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಮೆಟ್ಟಿಲು ಬಾವಿಗಳ ನೀರು ಕುಡಿದವರನ್ನು ಕಾಡುತ್ತಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಮಾತ್ರೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ರೋಗಿಯು ಬಾವಿಗಿಳಿಯದಂತೆ ನೋಡಿಕೊಳ್ಳುವುದು, ಬಾವಿಯ ನೀರನ್ನು ಶುದ್ಧಿಪಡಿಸುವುದು—ಇಷ್ಟರಿಂದಲೇ ೧೯೯೬ರ ಜುಲೈನಲ್ಲಿ ರಾಜಸ್ಥಾನದ ಕೊನೆಯ ರೋಗಿಯೊಡನೆ ಅದು ಭಾರತದಿಂದ ತೊಲಗಿತು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅಧಿಕೃತವಾಗಿ ಸಾರಿತು.

ಬೀದಿಯಲ್ಲಿ ಯಾರಾದರೂ ಸೆಳೆತದಿಂದ ಕುಸಿದರೆ ಹತ್ತಿರದವರು ಮಾಡಬೇಕಾದುದು ಸ್ವಲ್ಪವೇ. ಸುತ್ತಲಿನ ಕಲ್ಲು ಮುಳ್ಳುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬಾರದು. ಐದು ನಿಮಿಷಗಳು ಕಳೆದರೂ ಸೆಳೆತ ನಿಲ್ಲದಿದ್ದರೆ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ಬೀಗದಕೈ ಜೇಬಿನಲ್ಲಿಯೇ ಇರಲಿ. ಆ ಮುಷ್ಟಿಗೆ ಕಬ್ಬಿಣದಿಂದ ಆಗದ ಉಪಕಾರವು, ಊರಿನ ಎಲ್ಲರ ಕೈಗಳಲ್ಲಿ ದಿನವೂ ಸವೆಯುವ ಸಾಬೂನಿನ ತುಂಡಿನಿಂದ ಆಗುತ್ತದೆ.